ಬಾಲಿಯಿಂದ ಬಾರದ ಮಿಸ್ಡ್ ಕಾಲ್

ಕಾಲಿಗೆ ಪ್ಲೇಟು ಹಾಕಿಸಿಕೊಂಡು ಮಂಚ ಹಿಡಿದವಳಿಗೆ ಗೋಡೆ ನೋಡುವುದು, ಇಲ್ಲವೇ ಫೋನು ನೋಡುವುದು, ಇಷ್ಟೇ ಕೆಲಸ. ಗೋಡೆ ನೋಡಿದರೆ ಅವ್ವ ನನ್ನನ್ನು ಬಿಟ್ಟು ಬಾಲಿಗೆ ಹೋಗುತ್ತಾಳಲ್ಲ ಎಂಬ ಯೋಚನೆ ಬರುತ್ತಿತ್ತು. ಆದ್ದರಿಂದ ಫೋನನ್ನೇ ನೋಡುತ್ತಿದ್ದೆ. ಅದರಲ್ಲೂ ಒಂದೇ ವಿಷಯ: ಪರದೇಶದಲ್ಲಿ ನಡೆಯುವ ಇ-ಸಿಮ್ ಯಾವ ಕಂಪನಿಯದು ಒಳ್ಳೆಯದು?

ನಾವಿಬ್ಬರೂ ಹೋಗುವುದೆಂದೇ ಇತ್ತು. ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರದಲ್ಲಿ ಹೆಂಗಸರದೊಂದು ಭಜನೆ ಗುಂಪಿದೆ. ಕಾಶಿ, ರಾಮೇಶ್ವರ ಎಲ್ಲ ಮುಗಿಸಿದ ಆ ಗುಂಪಿಗೆ ಈ ಸಲ ಸಮುದ್ರದ ಬಂಡೆಯ ಮೇಲಿರುವ ಬಾಲಿಯ ದೇವಸ್ಥಾನ ನೋಡುವ ಆಸೆ ಹುಟ್ಟಿತು. ಮುಂದಾಳು, ಶಾಲೆಯಿಂದ ನಿವೃತ್ತರಾದ ಒಬ್ಬರು. ಎಲ್ಲರ ಬಾಯಲ್ಲೂ ಅವರು ಟೀಚರಮ್ಮ. ವಿಮಾನ ಬದಲಿಸುವುದು ಸಿಂಗಾಪುರ ದೇಶದಲ್ಲಿ ಎಂದು ಗೊತ್ತಾದಾಗ ನೆಂಟರಿಷ್ಟರೆಲ್ಲ ಅವ್ವನನ್ನು ರೇಗಿಸಿದ್ದೇ ರೇಗಿಸಿದ್ದು: "ಸಿಂಗಾಪುರದಿಂದ ಸಿಂಗಾಪುರಕ್ಕೆ ಹೋಗೋಕೆ ವಿಮಾನ ಯಾಕಜ್ಜಿ, ನಡ್ಕೊಂಡೇ ಹೋಗ್ಬೋದಲ್ಲ!" ಅಷ್ಟರಲ್ಲಿ ನಾನು ಗೇಟಿನ ಮುಂದೆ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಅವ್ವ ತಾನೂ ಉಳಿಯುತ್ತಾಳೆ ಅಂದುಕೊಂಡೆ. ಅವಳು ಮೂರು ದಿನ ನನ್ನ ಆರೈಕೆ ಮಾಡಿದಳು. ನಾಲ್ಕನೆಯ ದಿನ ನನ್ನ ಕಾಲು ಸವರುತ್ತಾ ಅಂದಳು:

"ನಾನ್ ಓಗ್ ಬತ್ತೀನಿ ಕಣಮ್ಮಿ. ಇನ್ನೊಂದ್ ವರ್ಸ ಅಂದ್ರೆ ನನ್ ಮಂಡಿ ಕೇಳಾಕಿಲ್ಲ."

ಬೇಡ ಅನ್ನಲು ಬಾಯಿ ಬರಲಿಲ್ಲ. ಹೂಂ ಅಂದೆ. ಅಂದ ಗಳಿಗೆಯಿಂದ ಭಯ ಶುರುವಾಯಿತು.

ಅದಕ್ಕೆ ಕಾರಣವಿದೆ. ಅವ್ವನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಸೂಜಿ. ಹಾಕಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದೇ ಹೋದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಹಿಂದೊಮ್ಮೆ ಯಶವಂತಪುರದ ಮಾರುಕಟ್ಟೆಯಲ್ಲಿ ಹಾಗಾಗಿತ್ತು. ನಾನು ಈರುಳ್ಳಿ ಆರಿಸುತ್ತಿದ್ದೆ. ತಿರುಗಿ ನೋಡಿದರೆ ಅವ್ವ ಇಲ್ಲ. ಹುಡುಕಿದಾಗ ಹೂವಿನವಳ ಹಲಗೆಯ ಮೇಲೆ ಕೂತಿದ್ದಳು. ಹಣೆಯ ತುಂಬಾ ಬೆವರು. "ಅಜ್ಜಿ, ನಿಮ್ಮನೆ ಎಲ್ಲಿ?" ಎಂದು ಹೂವಿನವಳು ಕೇಳುತ್ತಿದ್ದರೆ ಅವ್ವ ಯಾರೋ ಬೇರೆಯವರ ಮನೆಯ ಬಗ್ಗೆ ಕೇಳುತ್ತಿದ್ದಾರೆ ಅನ್ನುವ ಹಾಗೆ ನಗುತ್ತಿದ್ದಳು. ನನ್ನ ಮುಖವನ್ನೂ ಹಾಗೇ ನೋಡಿದಳು. ಕಬ್ಬಿನ ಹಾಲು ಕುಡಿಸಿದ ಮೇಲೆ "ಅಯ್ಯೋ, ನೀನಾ?" ಅಂದಳು. ಆ ನಡುವಿನ ಹೊತ್ತಿನಲ್ಲಿ ನಾನು ಯಾರ ಮಗಳೂ ಆಗಿರಲಿಲ್ಲ. ಯಶವಂತಪುರದಲ್ಲಾದರೆ ಕಬ್ಬಿನ ಹಾಲಿತ್ತು, ಕನ್ನಡವಿತ್ತು, ನಾನಿದ್ದೆ. ಬಾಲಿಯಲ್ಲಿ ಅವಳಿಗೂ ನನಗೂ ನಡುವೆ ಇರುವುದು ಒಂದು ಫೋನು.

ಆದ್ದರಿಂದ ಇ-ಸಿಮ್‌ಗಳ ಹಿಂದೆ ಬಿದ್ದೆ. ಅಂಗಡಿಯಲ್ಲಿ ಕೈಗೆ ಸಿಗುವ ಸಿಮ್ ಅಲ್ಲ ಇದು. ದುಡ್ಡು ಕಟ್ಟಿದರೆ ಚುಕ್ಕಿ ಚುಕ್ಕಿಯ ಚೌಕವೊಂದು ಬರುತ್ತದೆ, ಅದನ್ನು ಫೋನಿಗೆ ತೋರಿಸಿದರೆ ಸಿಮ್ ಒಳಗೆ ಕೂರುತ್ತದೆ. ಕೂತರೂ ಪರದೇಶದಲ್ಲಿ ಇಳಿಯುವ ತನಕ ಅದಕ್ಕೆ ಜೀವವಿಲ್ಲ. ಇಲ್ಲಿ ಪರೀಕ್ಷೆ ಮಾಡಿ ನೋಡುವಂತಿಲ್ಲ ಎಂಬುದೇ ನನ್ನನ್ನು ಹೆದರಿಸಿದ್ದು. ಒಂದು ಕಂಪನಿಯದು ಬಾಲಿಯಲ್ಲಿ ಮಾತ್ರ ನಡೆಯುತ್ತದೆ, ವಿಮಾನ ಬದಲಿಸುವ ಕಡೆ ಇಲ್ಲ. ಇನ್ನೊಂದು ಸುತ್ತಲಿನ ದೇಶಗಳಿಗೆಲ್ಲ ಆಗುತ್ತದೆ, ಆದರೆ ಸಮುದ್ರದಂಚಿನ ಹಳ್ಳಿಗಳಲ್ಲಿ ಸಿಗ್ನಲ್ ಸಾಲದು ಎಂದು ಬಳಸಿದವರು ಬರೆದಿದ್ದರು. ಮತ್ತೊಂದರ ಗಡುವು ಇಲ್ಲಿ ಹಾಕಿಕೊಂಡ ದಿನದಿಂದಲೇ ಓಡಲು ಶುರು. ಅನಿಯಮಿತ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡದ್ದು, ದಿನದ ಪಾಲು ಮುಗಿದ ಮೇಲೆ ಆಮೆಯಾಗುತ್ತದಂತೆ. ಬಹುತೇಕ ಎಲ್ಲವೂ ಇಂಟರ್ನೆಟ್ ಮಾತ್ರ ಕೊಡುವಂಥವು; ಫೋನ್ ನಂಬರ್ ಇಲ್ಲ.

ಹೊಗಳಿಕೆಯನ್ನೆಲ್ಲ ದಾಟಿ ಬೈಗುಳ ಹುಡುಕಿ ಓದುತ್ತಿದ್ದೆ. 'ವಿಮಾನ ನಿಲ್ದಾಣದಲ್ಲಿ ಇಳಿದೆ, ಸತ್ತ ಹಾಗೆ ಬಿದ್ದಿತ್ತು' ಎಂದು ಯಾರೋ ಬರೆದಿದ್ದರೆ ಆ ಸಾಲು ನನಗೆ ಊಟದ ಹೊತ್ತಿಗೂ ನೆನಪಿರುತ್ತಿತ್ತು.

ನನ್ನ ಗಂಡ ಬಾಗಿಲಲ್ಲಿ ನಿಂತು ನಕ್ಕರು. "ಅಲ್ಲ ಕಣೇ, ನಿನಗೆ ಗಂಡು ನೋಡುವಾಗ ನಿಮ್ಮನೇಲಿ ಇಷ್ಟು ವಿಚಾರಿಸಿದ್ರಾ?"

"ವಿಚಾರಿಸಿದ್ರೆ ನೀವೆಲ್ಲಿ ಸಿಗ್ತಿದ್ರಿ?" ಅಂದೆ. ನಗು ಮಾತ್ರ ಬರಲಿಲ್ಲ.

ಕೊನೆಗೆ ಸುತ್ತಲಿನ ದೇಶಗಳಿಗೆಲ್ಲ ಆಗುವ ಒಂದನ್ನು ಆರಿಸಿದೆ. ನಿಜವಾದ ತೊಡಕು ಅವ್ವನಿಗೆ ಅದನ್ನು ಒಗ್ಗಿಸುವುದಾಗಿತ್ತು. ಏಕೆಂದರೆ ಅವ್ವ ಫೋನಿನಲ್ಲಿ ಮಾತಾಡುವವಳಲ್ಲ, ಮಿಸ್ಡ್ ಕಾಲ್ ಕೊಡುವವಳು. ಅಪ್ಪ ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಮನೆಯಲ್ಲಿ ಹುಟ್ಟಿದ ಪದ್ಧತಿ ಇದು. ಅವಳದೊಂದು ಮಿಸ್ಡ್ ಕಾಲ್ ಬಂತೆಂದರೆ 'ನಾನು ಚೆನ್ನಾಗಿದ್ದೀನಿ'. ಉತ್ತರವಾಗಿ ನಾವೊಂದು ಕೊಡಬೇಕು: 'ನಾವೂ ಚೆನ್ನಾಗಿದ್ದೀವಿ.' ಉತ್ತರ ಬಾರದಿದ್ದರೆ ಆ ಕಡೆ ಏನೋ ಆಗಿದೆ, ಡಾಕ್ಟರ ಹತ್ತಿರ ಇರಬಹುದು, ಕಾಯಬೇಕು, ಮೇಲಿಂದ ಮೇಲೆ ಮಾಡಿ ಕಾಡಬಾರದು. ಅಪ್ಪ ಹೋದರು, ದರ ಇಳಿಯಿತು, ಮಾತು ಪುಕ್ಕಟೆಯಾಯಿತು. ಅವ್ವನ ಪದ್ಧತಿ ಮಾತ್ರ ಅಲುಗಲಿಲ್ಲ. ಆ ಕಡೆಯವರು ಎತ್ತಿಬಿಟ್ಟಾರೆಂದು ಫೋನನ್ನು ಕಿವಿಗೂ ಇಟ್ಟುಕೊಳ್ಳುವುದಿಲ್ಲ. ಮಡಿಲಲ್ಲಿಟ್ಟು ನಂಬರ್ ಒತ್ತಿ, "ಶಿವಾ... ಶಿವಾ..." ಎಂದು ಎರಡು ಸಲ ನಿಧಾನವಾಗಿ ಅಂದು, ಕೆಂಪು ಗುಂಡಿ ಒತ್ತುತ್ತಾಳೆ.

"ಅಲ್ಲಿ ಮಾಮೂಲಿ ಕಾಲ್ ಇಲ್ಲವ್ವಾ. ವಾಟ್ಸಾಪಲ್ಲಿ ನನ್ನ ಫೋಟೋ ಇದ್ಯಲ್ಲ, ಅದ್ನ ಒತ್ತು, ಆಮೇಲೆ ಈ ಫೋನಿನ ಚಿತ್ರ."

"ಅದ್ರಾಗೂ ಮಿಸ್ಡ್ ಕಾಲ್ ಕೊಡಬೌದಾ?"

"ಕೊಡಬೋದು. ಆದ್ರೆ ಮಾತಾಡು, ದುಡ್ಡಿಲ್ಲ."

"ಮಾತಾಡಕ್ಕೇನೈತೆ? ಚೆನ್ನಾಗಿದ್ರೆ ಚೆನ್ನಾಗಿದೀನಿ ಅಷ್ಟೆ. ಇಂಗೆ ಒತ್ತಿ, ಶಿವಾ ಶಿವಾ, ಇಂಗೆ ಕಟ್ ಮಾಡಾದು. ಸರಿ ಬುಡು."

ಹೊರಟ ಸಂಜೆ ಮಂಚದಿಂದಲೇ ಬೀಳ್ಕೊಟ್ಟೆ. ಸೂಜಿ, ಗ್ಲೂಕೋಸ್ ಪುಡಿ, ಚಕ್ಕುಲಿ ಎಲ್ಲ ಕೈಚೀಲದಲ್ಲೇ ಇದೆಯೆಂದು ನನ್ನ ಕಣ್ಣೆದುರಿಗೇ ತೆಗೆಸಿ ಇಡಿಸಿದೆ. ಯಲಹಂಕ ದಾಟಿದಾಗ ಒಂದು ಮಿಸ್ಡ್ ಕಾಲ್. ಚಿಕ್ಕಜಾಲದಲ್ಲಿ ಒಂದು. ವಿಮಾನ ನಿಲ್ದಾಣದ ಬಾಗಿಲಲ್ಲೊಂದು. ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ವಿಮಾನ ಹತ್ತುವಾಗಿನದು ಕೊನೆಯದು. ಸಿಂಗಾಪುರ ದೇಶದಲ್ಲಿ ವಿಮಾನ ಬದಲಿಸುವಾಗ ಬರಲಿಲ್ಲ; ಓಡಾಟದಲ್ಲಿರಬೇಕು ಅಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಅವರು ಬಾಲಿಯಲ್ಲಿ ಇಳಿಯುವ ಹೊತ್ತಿಗೆ ನಾನು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಏನೂ ಬರಲಿಲ್ಲ. 'ಇಳಿದ್ಯಾ ಅವ್ವಾ?' ಎಂದು ವಾಟ್ಸಾಪಿನಲ್ಲಿ ದನಿ ಸಂದೇಶ ಕಳಿಸಿದೆ. ಒಂದೇ ಟಿಕ್. ಹೋಗಿದೆ, ಅವಳಿಗೆ ತಲುಪಿಲ್ಲ. ಕ್ಯೂ ಇರುತ್ತದೆ, ಸೀಲು ಹಾಕುತ್ತಾರೆ, ಪೆಟ್ಟಿಗೆ ಬರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತಿಂಡಿಯ ಹೊತ್ತು ಕಳೆಯಿತು. ಒಂದೇ ಟಿಕ್. ಟೀಚರಮ್ಮನಿಗೂ ಸಂದೇಶ ಕಳಿಸಿದೆ, ಅವರು "ಹೋಟೆಲ್ ವೈಫೈ ಸಾಕಮ್ಮ, ಇ-ಸಿಮ್ಮು ಗಿಮ್ಮು ನಂಗ್ಯಾಕೆ" ಎಂದಿದ್ದವರು. ಅವರದೂ ಒಂದೇ ಟಿಕ್. ಪ್ರವಾಸದ ಆಫೀಸಿಗೆ ಮಾಡಿದೆ. "ಗ್ರೂಪ್ ಸೇಫಾಗಿ ರೀಚ್ ಆಗಿದೆ ಮೇಡಂ, ಡೋಂಟ್ ವರಿ" ಅಂದಳು ಹುಡುಗಿ.

"ಗ್ರೂಪ್ ಅಲ್ಲಮ್ಮ, ನಮ್ಮವ್ವ?"

"ಗ್ರೂಪಲ್ಲೇ ಇರ್ತಾರಲ್ವಾ ಮೇಡಂ."

ಮಧ್ಯಾಹ್ನ ಭಜನೆ ಗುಂಪಿನ ವಾಟ್ಸಾಪಿಗೆ ಟೀಚರಮ್ಮನ ಫೋಟೋ ಬಂದುಬಿತ್ತು. ಹೋಟೆಲಿನ ಮುಂದೆ ಬಸ್ಸು, ಬಸ್ಸಿನ ಮುಂದೆ ಎಲ್ಲರೂ. 'ಸಮುದ್ರದ ದೇವಸ್ಥಾನಕ್ಕೆ ಹೊರಟೆವು' ಎಂದು ಕೆಳಗೆ ಬರೆದಿದ್ದರು. ನಾನು ಬೆರಳಿಂದ ಹಿಗ್ಗಿಸಿ ಒಂದೊಂದೇ ಮುಖ ನೋಡಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಬಸ್ಸಿನ ಕಿಟಕಿಗಳನ್ನೂ ನೋಡಿದೆ. ಅವ್ವ ಇಲ್ಲ.

ಟೀಚರಮ್ಮನಿಗೆ ಕೂಡಲೇ ಮೇಲಿಂದ ಮೇಲೆ ಮಾಡಿದೆ, ತಲುಪಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅವರು ನನ್ನ ಸಂದೇಶ ನೋಡಿರಲಿಕ್ಕಿಲ್ಲ; ಅಷ್ಟರಲ್ಲಿ ಬಸ್ಸು ಹೊರಟಿರಬೇಕು, ವೈಫೈ ಹಿಂದೆ ಉಳಿದಿರಬೇಕು. ಯಾವ ದೇವಸ್ಥಾನ ನೋಡಲು ಅಷ್ಟು ದೂರ ಹೋದಳೋ ಅದಕ್ಕೇ ಅವಳು ಹೊರಟಿಲ್ಲವೆಂದರೆ ಏನರ್ಥ? ವಿಮಾನ ನಿಲ್ದಾಣದಲ್ಲೇ ಉಳಿದಳೇ? ಹೂವಿನವಳ ಹಲಗೆಯಂಥ ಯಾವುದೋ ಹಲಗೆಯ ಮೇಲೆ ಕೂತು, ಯಾರೋ ಕೇಳಿದ್ದಕ್ಕೆಲ್ಲ ನಗುತ್ತಿದ್ದಾಳೆಯೇ? ಆಫೀಸಿನ ಹುಡುಗಿ ಗೈಡಿಗೆ ವಿಚಾರಿಸಿ ಹೇಳ್ತೀನಿ ಎಂದವಳು ಮತ್ತೆ ಎತ್ತಲಿಲ್ಲ. ಹೋಟೆಲಿಗೆ ಫೋನು ಹೋಗಲೇ ಇಲ್ಲ.

"ಕಂಪನಿ ಸರಿ ಇಲ್ಲ ಕಣ್ರೀ. ನಾನೇ ಆರಿಸಿದ್ದು. ಅವ್ನು ಯಾರೋ ಬರ್ದಿದ್ದ, ಸತ್ತ ಹಾಗೆ ಬಿದ್ದಿತ್ತು ಅಂತ," ಅಂದೆ ಗಂಡನಿಗೆ.

"ಇನ್ನೊಂದು ತಗೊಂಡು ಹಾಕು."

ತೆಗೆದುಕೊಂಡೂ ಬಿಟ್ಟೆ, ಬಾಲಿಯದೇ ಆದ ಇನ್ನೊಂದನ್ನು. ಚುಕ್ಕಿಚೌಕ ನನ್ನ ಫೋನಿಗೆ ಬಂತು. ಅದನ್ನು ಅವ್ವನಿಗೆ ಕಳಿಸಲು ಹೋದಾಗ ಬೆರಳು ಅಲ್ಲೇ ನಿಂತಿತು. ಅವಳ ಫೋನಿಗೆ ಏನೂ ತಲುಪುತ್ತಿಲ್ಲವಲ್ಲ, ಕಳಿಸುವುದು ಯಾವುದರ ಮೇಲೆ? ಬಾವಿಗೆ ಬಿದ್ದವರಿಗೆ ಕೊಡಬೇಕಾದ ಹಗ್ಗವನ್ನು ನಾನು ಕಟ್ಟೆಯ ಮೇಲೆ ಹಿಡಿದುಕೊಂಡು ನೋಡುತ್ತಿದ್ದೆ. ಗಂಡನೂ ಆಗ ನಗುವುದನ್ನು ಬಿಟ್ಟು ನನ್ನ ಪಕ್ಕ ಕೂತರು. ನಮ್ಮ ತಲೆಯ ಮೇಲೆ ಒಂದಾದ ಮೇಲೊಂದು ವಿಮಾನ ಹೋಗುತ್ತಲೇ ಇತ್ತು.

ಸಂಜೆಯ ಕಾಫಿಯ ಹೊತ್ತಿಗೆ ಫೋನು ಹೊಡೆದುಕೊಂಡಿತು. ಟೀಚರಮ್ಮ, ವಿಡಿಯೋ ಕರೆ.

"ಏನಮ್ಮಾ ಇಷ್ಟೊಂದು ಕಾಲು! ಈಗ ತಾನೇ ಬಂದ್ವಿ. ನಿಮ್ಮಮ್ಮ ಬರೋದೇ ಇಲ್ಲ ಅಂತ ಇಲ್ಲೇ ಕೂತ್ಬಿಟ್ರು, ಸುಸ್ತು ಅಂದ್ರು. ತಗೊಳ್ಳಿ, ಮಾತಾಡಿ."

ಪರದೆ ಅಲುಗಾಡಿ ನಿಂತಾಗ ಅವ್ವ ಕಂಡಳು. ಹೋಟೆಲಿನ ಮುಂಭಾಗದ ಸೋಫಾ, ಮಡಿಲಲ್ಲಿ ಕೈಚೀಲ, ಚೀಲದ ಮೇಲೆ ಫೋನು.

"ಅವ್ವಾ!"

"ನೀನ್ ವಾಪಸ್ ಕೊಡ್ನಿಲ್ಲ," ಅಂದಳು ಅವ್ವ. ಮಾತು ನಿಧಾನವಾಗಿತ್ತು, ಅಕ್ಕಿ ಆರಿಸಿದ ಹಾಗೆ ಒಂದೊಂದೇ. "ಇಳಿದಾಗ್ಲಿಂದ ಕೊಡ್ತಾನೇ ಇದೀನಿ. ವಾಪಸ್ ಬರ್ನಿಲ್ಲ. ನೀನ್ ಬಚ್ಚಲಾಗೆ ಬಿದ್ಬುಟ್ಟೆ ಅಂದ್ಕಂಡೆ. ಆಸ್ಪತ್ರೆಗೆ ಓಗಿರ್ತೀರಿ ಅಂತ... ಕಾದೆ."

"ಒಂದೂ ಬಂದಿಲ್ಲ ಕಣವ್ವಾ!"

"ಬಂದೈತೆ. ಇಂಗ್ಲೀಷಾಗೆ ಏನೋ ಬರ್ತಿತ್ತು, ಕೆಳಗೆ ಓಕೆ ಅಂತಿತ್ತು. ನಾನೂ ಓಕೆ ಒತ್ದೆ."

ನಾನು ಆ ಮಾತು ಕೇಳುತ್ತಿರಲಿಲ್ಲ. ಅವಳ ಹಣೆ ನೋಡುತ್ತಿದ್ದೆ. ಬೆಳಕು ಬಿದ್ದು ಹೊಳೆಯುತ್ತಿತ್ತು.

"ಅವ್ವಾ, ಸೂಜಿ ಹಾಕ್ಕೊಂಡ್ಯಾ?"

"ಊಂ. ಹೊತ್ತಿಗ್ ಸರಿಯಾಗಿ."

"ತಿಂದ್ಯಾ?"

ಅವ್ವ ನಕ್ಕಳು. ಯಶವಂತಪುರದ ನಗು.

"ಟೀಚರಮ್ಮಾ!" ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದರಂತೆ. "ಕೈಚೀಲದಲ್ಲಿ ಗ್ಲೂಕೋಸ್ ಇದೆ, ಬಿಳೀ ಡಬ್ಬಿ! ನೀರಲ್ಲಿ ಕಲ್ಸಿ ಕುಡ್ಸಿ, ಈಗ್ಲೇ, ಈಗ್ಲೇ!"

ಫೋನನ್ನು ಎಲ್ಲೋ ಒರಗಿಸಿದರು. ಕಂಡದ್ದು ಬರೀ ಸೂರು, ತಿರುಗುವ ಫ್ಯಾನು. ಓಡಾಟ, ಲೋಟದ ಸದ್ದು, "ಕುಡೀರಿ, ಇನ್ನೊಂದು ಗುಟುಕು, ಬಾಯಿ ತೆಗೀರಿ." ನಾನು ಗಂಡನ ಮುಂಗೈ ಹಿಡಿದಿದ್ದೆ, ಉಗುರು ಇಳಿದದ್ದು ಆಮೇಲೆ ಗೊತ್ತಾಯಿತು. ಆ ಫ್ಯಾನು ಎಷ್ಟು ಹೊತ್ತು ತಿರುಗಿತೋ. ವೈಫೈ ಕಡಿದು ಚಿತ್ರ ನಿಂತುಬಿಟ್ಟರೆ ಎಂದು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.

ಆಮೇಲೆ ಅವ್ವನ ದನಿ, ತನ್ನದೇ ಆದ ದನಿ: "ಥೂ, ಏನಿದು ಇಷ್ಟೊಂದ್ ಸಿಹಿ!"

ನಾನು ಗೋಳೋ ಎಂದು ಅತ್ತೆ.

ಟೀಚರಮ್ಮ ಅವ್ವನ ಫೋನು ಕೈಗೆ ತೆಗೆದುಕೊಂಡರು. "ಅಯ್ಯೋ ದೇವರೇ, ವಿಮಾನದ ಚಿತ್ರ ಇನ್ನೂ ಉರೀತಾ ಇದೆಯಲ್ರೀ!" ಫೋನಿನ ಸಂಪರ್ಕವನ್ನೆಲ್ಲ ಕಡಿಯುವ ಆ ಚಿತ್ರವನ್ನು, ವಿಮಾನದಲ್ಲಿ ಒತ್ತಿ ಎಂದವರ ಮಾತು ಕೇಳಿ ಅವ್ವ ಒತ್ತಿದ್ದಳು. ಇಳಿದ ಮೇಲೆ ತೆಗೆಯಬೇಕೆಂದು ಅವರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕಂಪನಿಗಳ ಗುಣದೋಷವನ್ನೆಲ್ಲ ಜಾಲಾಡಿದವಳಿಗೆ ಅದೊಂದು ಚಿತ್ರ ನೆನಪಾಗಿರಲಿಲ್ಲ. ಅವರು ಅದನ್ನು ಆರಿಸಿದ ಕೂಡಲೇ ನನ್ನ ಇಡೀ ದಿನದ ಕೂಗೆಲ್ಲ ಅವ್ವನ ಫೋನಿನಲ್ಲಿ ಟಣ್ ಟಣ್ ಎಂದು ಬೀಳತೊಡಗಿತು. ಇ-ಸಿಮ್ ಚೆನ್ನಾಗೇ ಇತ್ತು.

"ಇಷ್ಟೊಂದು ಯಾಕ್ ಕಳ್ಸಿದೀಯೇ, ಹುಚ್ಚೀ," ಅಂದಳು ಅವ್ವ. ಮತ್ತೆ ಪರದೆಯ ಹತ್ತಿರ ಮುಖ ತಂದು, "ಕಾಲು ತೋರ್ಸು," ಅಂದಳು.

ತೋರಿಸಿದೆ. ಬೆರಳು ಅಲುಗಿಸು ಅಂದಳು, ಅಲುಗಿಸಿದೆ. ನಾನು ಮತ್ತೆ ಬಿದ್ದಿಲ್ಲವೆಂದು ಅವಳಿಗೆ ಆಗ ನಂಬಿಕೆ ಬಂತು. ಅನ್ನದ ತಟ್ಟೆ ತರಿಸಿ ಅವಳು ಕೊನೆಯ ತುತ್ತು ತಿನ್ನುವ ತನಕ ನಾನು ಕಣ್ಣು ಕೀಳಲಿಲ್ಲ.

ಸಮುದ್ರದ ದೇವಸ್ಥಾನವನ್ನು ಅವ್ವ ಮಾರನೆಯ ದಿನ ಟೀಚರಮ್ಮನ ಜೊತೆ ಬೇರೆ ಕಾರು ಮಾಡಿಕೊಂಡು ನೋಡಿ ಬಂದಳು. ಅಲೆಯ ಸದ್ದನ್ನು ನನಗೆ ಕಳಿಸಿದಳು. ಉಳಿದ ದಿನಗಳಲ್ಲಿ ಒಂದು ಹೊತ್ತೂ ಸಂಪರ್ಕ ತಪ್ಪಲಿಲ್ಲ. ಆದರೂ ನನ್ನ ಭಯ ಹೋಗಲಿಲ್ಲ. ಪ್ರತಿ ಬೆಳಿಗ್ಗೆ 'ತಿಂದ್ಯಾ ಅವ್ವಾ?' ಎಂದು ಕಳಿಸಿ, ಅದರ ಪಕ್ಕದ ಟಿಕ್ ಒಂದರಿಂದ ಎರಡಾಗಿ, ಎರಡೂ ನೀಲಿಯಾಗುವ ತನಕ ನಾನು ಕಾಫಿಯ ಲೋಟ ಮುಟ್ಟುತ್ತಿರಲಿಲ್ಲ. ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು. ನನ್ನ ಗಂಡ ಅದನ್ನು ಒಳಗೆ ಒಯ್ದು ಬಿಸಿ ಮಾಡಿ ತಂದಿಡುತ್ತಿದ್ದರು.