ಕುರಿ ತುಳಿಯದ ಒಡ್ಡು

ಹೋದ ತಿಂಗಳು ಗದಗಿನಿಂದ ಮುಂಡರಗಿಗೆ ಹೊರಟಾಗ ದಾರಿಯಲ್ಲಿ ಬಸ್ಸು ನಿಂತಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕಿಟಕಿಯಿಂದ ಹಸಿ ಎರೆಮಣ್ಣಿನ ವಾಸನೆ ಬಂತು. ಅದರ ಹಿಂದೆಯೇ ತೊಯ್ದ ಕುರಿಯ ವಾಸನೆ. ಸುತ್ತ ಎಲ್ಲೂ ಕುರಿಗಳಿರಲಿಲ್ಲ. ಹೊಸದಾಗಿ ಸುರಿದ ಮಣ್ಣಿನ ಮೇಲೆ ಒಂದು ಯಂತ್ರ ಹಿಂದಕ್ಕೂ ಮುಂದಕ್ಕೂ ಉರುಳುತ್ತಿತ್ತು. ಅದರ ಉಕ್ಕಿನ ಗಾಲಿಯ ಮೈತುಂಬ ಗೊರಸಿನಂಥ ಮೊಂಡು ಹಲ್ಲುಗಳು. ಅದು ಹೋದಲ್ಲೆಲ್ಲ ಮಣ್ಣಿನಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತಿದ್ದವು. ನಾನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳು, "ಯಾಕ್ರೀ ಅಜ್ಜಾರ, ಎದಿ ನೋವೇನ್ರಿ?" ಎಂದು ಕೇಳಿದಳು.

ನನಗೆ ನೆನಪಾದದ್ದು ಐವತ್ತಾರನೆಯ ಇಸವಿ, ಕನ್ನಡ ನಾಡು ಒಂದಾದ ವರ್ಷ. ಧಾರವಾಡದಲ್ಲಿ ಬಿ.ಎ. ಮುಗಿಸಿದ್ದ ನನಗೆ ಕಪ್ಪತಗುಡ್ಡದ ಕೆಳಗೆ, ಹಿರೇವಡ್ಡಟ್ಟಿಯ ಕಡೆ, ಹಳ್ಳಕ್ಕೆ ಅಡ್ಡಲಾಗಿ ಕಟ್ಟುತ್ತಿದ್ದ ಹೊಸ ಕೆರೆಯ ಕೆಲಸದಲ್ಲಿ ಕಾರಕೂನನ ನೌಕರಿ ಸಿಕ್ಕಿತ್ತು. ಅಲ್ಲಿ ಒಡ್ಡು ಹಾಕಿಸುತ್ತಿದ್ದವರು ಒಬ್ಬ ಮೇಸ್ತ್ರಿ. ಶಿರಹಟ್ಟಿ ಕಡೆಯವರು. ಸಂಸ್ಥಾನದ ಸೀಮೆಯಲ್ಲೂ ಬ್ರಿಟಿಷರ ಸೀಮೆಯಲ್ಲೂ ಕೆರೆ ಕಟ್ಟಿ ಬಂದವರು. ಅಕ್ಷರ ಬರುತ್ತಿರಲಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳು ಬಿಚ್ಚಿ ನೋಡಿ, ಇನ್ನೆಷ್ಟು ಕೊಡ ನೀರು ಬೇಕು ಎಂದು ಹೇಳುತ್ತಿದ್ದರು.

ಒಡ್ಡನ್ನು ಅವರು ಕುರಿಗಳಿಂದ ತುಳಿಸುತ್ತಿದ್ದರು. ಗೇಣು ದಪ್ಪ ಮಣ್ಣು ಹಾಸಿ, ನೀರು ಹೊಡೆದು, ಅದರ ಮೇಲೆ ಇಡೀ ಹಿಂಡನ್ನು ಹಾಯಿಸುವುದು. ಸಣ್ಣ ಗೊರಸು ಆಳಕ್ಕೆ ಇಳಿದು ಮೇಲಿನ ಪದರನ್ನು ಕೆಳಗಿನದಕ್ಕೆ ಹೊಲಿದಂತೆ ಕೂಡಿಸುತ್ತದೆ. ಬೇಸಿಗೆಯ ಬೆಳಗಿನಲ್ಲಿ ಹಿಂಡು ಬರುವುದನ್ನು ಕಂಡರೆ ಮಣ್ಣು ಹೊರುವವರು ಕೂಗುತ್ತಿದ್ದರು, "ಮೇಸ್ತ್ರಿ, ನಿಮ್ಮ ಇಂಜಿನೇರ್ರು ಬಂದ್ರು ನೋಡ್ರಿ!"

"ಹೌದಲೇ. ನಾಕ ಕಾಲಿನ ಇಂಜಿನೇರ್ರು. ಭಾಷಣ ಮಾಡಂಗಿಲ್ಲ, ಹಿಕ್ಕಿ ಹಾಕಿ ಹೋಗ್ತಾರ. ನೀವು ಅದನ್ನೂ ಮಾಡಂಗಿಲ್ಲ!"

ಅರ್ಧ ಒಡ್ಡು ಹೀಗೆ ಎದ್ದಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಎರೆಯ ಕೆಸರಿನಲ್ಲಿ ಕುರಿಯ ಕಾಲು ಕೊಳೆಯುತ್ತದೆಂದು ಹಿಂಡಿನವರು ಗಟ್ಟಿ ನೆಲ ಹುಡುಕಿಕೊಂಡು ಹೋದರು. ಸುಗ್ಗಿಗೆ ತಿರುಗಿ ಬರುತ್ತಾರೆ, ಅಲ್ಲಿಯತನಕ ನಿಲ್ಲಿಸೋಣ ಎಂದರು ಮೇಸ್ತ್ರಿ. ಆದರೆ ನವೆಂಬರ್ ಒಂದಕ್ಕೆ ನಾಡು ಒಂದಾಗುವುದಿತ್ತು. ಆ ದಿನವೇ ಕೆರೆಯ ಉದ್ಘಾಟನೆ ಎಂದು ಮೇಲಿನಿಂದ ಹುಕುಂ ಬಂದಿತ್ತು.

ಓವರ್‌ಸಿಯರ್ ಸಾಹೇಬರು ಗದಗಿನಿಂದ ರೋಡ್ ರೋಲರ್ ತರಿಸಿದರು. ಸುತ್ತಲಿನ ಹಳ್ಳಿಯ ಜನ ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ನಾನೂ ಕೈಮುಗಿದೆ. ಅದು ಹಾಯ್ದ ಮೇಲೆ ಮಣ್ಣು ತಾಟಿನ ಹಾಗೆ ಹೊಳೆಯುತ್ತಿತ್ತು. ನಮ್ಮ ದೇಶ ಎದ್ದು ನಿಂತದ್ದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ ಅನ್ನಿಸಿತು...

ಮೇಸ್ತ್ರಿ ಮಾತ್ರ ಆ ಹೊಳಪಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಉಗುರಿನಿಂದ ಕೆರೆದು ನೋಡಿದರು. "ಸಾಹೇಬ್ರ, ಇದು ಮ್ಯಾಲ ಅಷ್ಟ ಬಿಗೀತೈತ್ರಿ. ರೊಟ್ಟಿ ಮ್ಯಾಲ ರೊಟ್ಟಿ ಒಟ್ಟಿದ್ರ ಎಂದರ ಅಂಟ್ಯಾವೇನ್ರಿ? ನಡುವ ನೀರ ಹೊಕ್ಕೊಂತೈತಿ. ಪದರ ಪದರಿಗೂ ಕುಂಟಿ ಹೊಡದರ ಹಾಕ್ರಿ, ಕೆಳಗಿಂದು ಒರಟ ಆಗಲಿ."

"ಕುಂಟಿ ಹೊಡಿಯಾಕ ಇದೇನು ನಿಮ್ಮ ಹೊಲಾನ? ಇನ್ನೂ ಎಷ್ಟು ದಿವಸ ಕುರಿ ಬಾಲ ಹಿಡಕೊಂಡು ಅಡ್ಡಾಡ್ತೀರಿ?" ಎಂದರು ಸಾಹೇಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಸಂಜೆ ಮೇಸ್ತ್ರಿಯ ಜೊತೆ ಒಡ್ಡಿನ ಮೇಲೆ ನಡೆಯುತ್ತಾ ನಾನು ಕಾಲೇಜಿನಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಒಂದು ನಾಡು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅದು ಕಟ್ಟುವ ಕಟ್ಟಡಗಳಿಂದ ಗೊತ್ತಾಗುತ್ತದೆ, ಲಕ್ಕುಂಡಿಯ ಬಾವಿಗಳನ್ನೇ ನೋಡಿರಿ, ಕಟ್ಟಿಸಿದ ಅರಸರು ಹೋದರೂ ಅವು ನಿಂತಿವೆ, ಈಗ ಈ ಕೆರೆ ನಮ್ಮದು ಎಂದೆ. ಮೇಸ್ತ್ರಿ ತಂಬಾಕು ತಿಕ್ಕುತ್ತಾ ಕೇಳಿಸಿಕೊಂಡರು.

"ಆ ಬಾವ್ಯಾಗ ನಾ ಹೂಳ ತಗದೀನ್ರಿ, ಹುಡುಗ ಇದ್ದಾಗ. ನಮ್ಮಪ್ಪನೂ ತಗದಿದ್ದ. ಅರಸ ಒಮ್ಮೆ ಕಟ್ಟಿ ಹೋದ. ಆಮ್ಯಾಲಿನ ಲೆಕ್ಕಾ ಯಾರ ಕೇಳ್ತಾರ?"

ಸಂಸ್ಥಾನದ ಸಾಹೇಬರು ನಿಮ್ಮ ಮಾತು ಕೇಳುತ್ತಿದ್ದರೇ ಎಂದು ಕೆಣಕಿದೆ. ಅವರು ತಂಬಾಕನ್ನು ಬಾಯಿಗಿಟ್ಟುಕೊಂಡರು. "ಆಗೂ ಕೇಳ್ತಿದ್ದಿಲ್ಲ ಬಿಡ್ರಿ. ಆದ್ರ ಅದು ಅವರದಾಗಿತ್ತು. ಇದು ನಮ್ಮದು ಅಂತ ನೀವ ಹೇಳಿದ್ರೆಲ್ಲ?"

ಮರುದಿನ ಅವರು ನನ್ನ ಗುಡಾರಕ್ಕೆ ಬಂದು, ಧಾರವಾಡದ ದೊಡ್ಡ ಸಾಹೇಬರಿಗೆ ಒಂದು ಕಾಗದ ಬರೆದುಕೊಡಿರಿ ಎಂದರು. ಅವರು ಹೇಳಿದ್ದು ಇಷ್ಟೇ: ಮೇಲಿನ ಅರ್ಧ ಒಡ್ಡು ನಿಲ್ಲುವುದಿಲ್ಲ, ಈ ವರ್ಷ ಅರ್ಧದ ಮೇಲೆ ನೀರು ನಿಲ್ಲಿಸಬೇಡಿರಿ, ಕೆಳಗೆ ಜನ ಇದ್ದಾರೆ. ನಾನು ಇಂಗ್ಲಿಷಿನಲ್ಲಿ ಬರೆದೆ. ಮೇಲಿನ ಪದರಗಳ ಬಗ್ಗೆ ಕೆಲಸಗಾರರಲ್ಲಿ ಸ್ವಲ್ಪ ಸಂಶಯವಿರುವುದಾಗಿಯೂ, ತಾವು ಅನುಕೂಲವಾದಾಗ ಪರಿಶೀಲಿಸಿದರೆ ಉಪಕಾರವಾಗುವುದಾಗಿಯೂ ಬರೆದೆ. ಸಾಹೇಬರಿಗೆ ಸಿಟ್ಟು ಬಾರದಂತೆ, ಹಬ್ಬಕ್ಕೆ ಅಪಶಕುನವಾಗದಂತೆ, ನನ್ನ ನೌಕರಿಗೆ ಧಕ್ಕೆಯಾಗದಂತೆ. ಮೇಸ್ತ್ರಿ ಹೆಬ್ಬೆಟ್ಟು ಒತ್ತಿದರು. "ಎಲ್ಲಾ ಬರದ್ರಿಲ್ಲ?" ಎಂದರು. ಹೂಂ ಎಂದೆ.

ಮಂತ್ರಿಗಳು ಬಂದಾಗ ಕೆರೆ ತುಂಬಿ ಕಾಣಬೇಕೆಂದು ತೂಬು ಮುಚ್ಚಿಸಿದ್ದರು. ಅಂದು ಭಾಷಣದಲ್ಲಿ ಈ ಒಡ್ಡಿನ ಎತ್ತರವೇ ನಮ್ಮ ನಾಡಿನ ಎತ್ತರ ಎಂಬ ಮಾತು ಬಂತು. ಗಡಿಯಾಚೆಯ ನಿಜಾಮನ ಸೀಮೆಯಿಂದ ಬಂದವರೂ ಈಚಿನವರೂ ಅಪ್ಪಿಕೊಂಡು ಅತ್ತರು. ಆ ಅಳು ಸುಳ್ಳಲ್ಲ. ನಾನೂ ಅತ್ತಿದ್ದೆ. ಮೇಸ್ತ್ರಿ ಜನದ ಹಿಂದೆ, ಒಡ್ಡಿನ ಹೊರ ಇಳಿಜಾರಿನಲ್ಲಿ ಒಬ್ಬರೇ ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದರು.

ನಾಲ್ಕನೆಯ ದಿನಕ್ಕೆ ಗುಡ್ಡದ ಮೇಲೆ ಭಾರಿ ಹಿಂಗಾರಿ ಮಳೆಯಾಯಿತು. ಬೆಳಗಾಗುವಷ್ಟರಲ್ಲಿ ಹಳ್ಳ ಕೆರೆಗೆ ನುಗ್ಗುತ್ತಿತ್ತು. ಸಾಹೇಬರು ಗದಗಿಗೆ ಹೋಗಿದ್ದರು. ತೂಬು ತೆರೆದೆವು. ಬರುವ ನೀರಿಗೆ ಅದು ಏನೂ ಸಾಲಲಿಲ್ಲ. ಮಧ್ಯಾಹ್ನ ಮೇಸ್ತ್ರಿ ನನ್ನನ್ನು ಹೊರ ಇಳಿಜಾರಿಗೆ ಕರೆದರು. ಅರ್ಧ ಎತ್ತರದಲ್ಲಿ, ಕುರಿ ತುಳಿದದ್ದು ಮುಗಿದು ರೋಲರ್ ಶುರುವಾದ ಜಾಗದಲ್ಲಿ, ಉದ್ದಕ್ಕೂ ಒಂದು ಒದ್ದೆ ಗೆರೆ ಇತ್ತು. ಒಂದು ಕಡೆ ನೀರು ಬುಳುಬುಳು ಬರುತ್ತಿತ್ತು. ಅದನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದರು. "ಮುಂಜಾನಿ ತಿಳಿ ಇತ್ತು. ಈಗ ನೋಡ್ರಿ, ಒಡ್ಡಿನ ಮಣ್ಣ ಬರಾಕತ್ತೈತಿ."

ಕೆಳಗೆ ಹಳ್ಳದ ದಂಡೆಯ ಮೇಲೆ ಮಣ್ಣು ಹೊರುವವರ ಗುಡಿಸಲುಗಳಿದ್ದವು. ಅವುಗಳಲ್ಲಿ ಒಂದರಲ್ಲಿ ಮೇಸ್ತ್ರಿಯ ಹೆಂಡತಿ ಇದ್ದರು. ನೀವು ಹೋಗಿ ಕರೆಯಿರಿ, ನಾನು ಇಲ್ಲಿರುತ್ತೇನೆ ಎಂದೆ. ಆಗ ಅವರು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕೂಗಿದರು.

"ಲೇ ತಮ್ಮಾ, ನಾ ಹೇಳಿದ್ರ ಮುದುಕಗ ಅಂಜಿಕಿ ಹತ್ತೈತಿ ಅಂತ ನಗ್ತಾರ. ನೀ ಪಾಟ್ಲೂನ ಹಾಕ್ಕೊಂಡೀ. ನಿನ್ನ ಮಾತ ಕೇಳ್ತಾರ. ಓಡಲೇ!"

ಓಡಿದೆ. ಇಳಿಜಾರಿನ ಮಣ್ಣು ಕಾಲ ಕೆಳಗೆ ಮಿದುವಾಗಿ, ಜೀವ ಇದ್ದಂತೆ ಅಲುಗಿತು. ಅದು ಇಂದಿಗೂ ಅಲುಗುತ್ತದೆ, ಮೆಟ್ಟಿಲು ಇಳಿಯುವಾಗ, ಸ್ನಾನದ ಮನೆಯಲ್ಲಿ, ನಿದ್ದೆಯ ಅಂಚಿನಲ್ಲಿ... ಹಿಂತಿರುಗಿ ಒಮ್ಮೆ ನೋಡಿದೆ. ಮೇಸ್ತ್ರಿಯೂ ಮತ್ತಿಬ್ಬರೂ ಮುಳ್ಳುಕಂಟಿಯ ಹೊರೆಗಳನ್ನು ಆ ಜಾಗಕ್ಕೆ ಒತ್ತುತ್ತಿದ್ದರು. ಅವರು ಹೇಳಿದ್ದೇ ಖರೆಯಾಯಿತು. ಪಾಟ್ಲೂನು ಹಾಕಿದವನು ಬಾಯಿಬಡಿದುಕೊಂಡು ಓಡಿಬರುವುದನ್ನು ಕಂಡು ಜನ ಏನೂ ಕೇಳದೆ ಮಕ್ಕಳನ್ನೆತ್ತಿಕೊಂಡು ದಿಬ್ಬ ಹತ್ತಿದರು. ಕೊನೆಯವಳೊಬ್ಬಳು ಹಿಟ್ಟಿನ ಗಡಿಗೆ ಹೊತ್ತುಕೊಂಡು ಹತ್ತುತ್ತಿದ್ದಳು. ಅಷ್ಟರಲ್ಲಿ ಸದ್ದು ಬಂತು. ಸಿಡಿಲಿನ ಹಾಗಲ್ಲ. ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗೆ. ಒಡ್ಡಿನ ಮೇಲಿನ ಅರ್ಧ ಇಡಿಯಾಗಿ ಜಾರಿ ಹೋಯಿತು. ಕೆಳಗಿನ ಅರ್ಧ, ಕುರಿ ತುಳಿದದ್ದು, ನಿಂತೇ ಇತ್ತು.

ಮೂವರೂ ಸಿಗಲು ಎರಡು ದಿನ ಹಿಡಿಯಿತು. ಮಣ್ಣು ಮಾಡಿದ ಮೇಲೆ ಮೇಸ್ತ್ರಿಯ ಹೆಂಡತಿ ನನ್ನೆದುರು ಬಂದು ಕುಳಿತರು. "ಯಪ್ಪಾ, ಅವತ್ತ ಕಾಗದ ಬರದಿದ್ರೆಲ್ಲ. ಅದರಾಗ ಏನ್ ಬರದಿದ್ರಿ?"

"ಅವರು ಹೇಳಿದ್ದನ್ನ ಬರದಿದ್ದೆ, ಅವ್ವಾ."

"ಓದಿದವರ ಕೈಯಾಗಿಂದು, ಚಂದ ಬರದಿರ್ತೀರಿ ಬಿಡ್ರಿ" ಎಂದು ಎದ್ದು ಹೋದರು.

ಹದಿನೈದು ದಿನದ ಮೇಲೆ ಧಾರವಾಡದಿಂದ ಉತ್ತರ ಬಂತು. ತಮ್ಮ ಪತ್ರ ತಲುಪಿದೆ, ಅನುಕೂಲ ನೋಡಿಕೊಂಡು ಪರಿಶೀಲಿಸಲಾಗುವುದು. ನನ್ನ ಮಾತನ್ನೇ ನನಗೆ ಮರಳಿಸಿದ್ದರು. ಆ ಕೆಲಸ ಬಿಟ್ಟು ಮಾಸ್ತರಿಕೆಗೆ ಸೇರಿದೆ. ಒಡ್ಡನ್ನು ಮುಂದೆ ಮತ್ತೆ ಕಟ್ಟಿದರು. ಉದ್ಘಾಟನೆಯ ಕಲ್ಲು ಇನ್ನೂ ಇದೆ, ಅದರಲ್ಲಿ ಮೇಸ್ತ್ರಿಯ ಹೆಸರಿಲ್ಲ. ಮುಂದೆ ಎಷ್ಟೋ ಅಣೆಕಟ್ಟು, ಸೇತುವೆ, ರಸ್ತೆಗಳ ಉದ್ಘಾಟನೆಯ ಸುದ್ದಿ ಓದಿದ್ದೇನೆ. ನಾಡು ಏರಿತೇ ಇಳಿಯಿತೇ ಎಂದು ಜನ ವಾದಿಸುವಾಗ ನನಗೆ ಕಟ್ಟಡ ಕಾಣುವುದಿಲ್ಲ. ಬೇಡ ಎಂದ ಮನುಷ್ಯನನ್ನು ಎಲ್ಲಿ ನಿಲ್ಲಿಸಿದ್ದಾರೆ, ಅವನ ಮಾತನ್ನು ಯಾರು ಬರೆದುಕೊಂಡರು, ಹೇಗೆ ಬರೆದರು ಎಂಬುದೇ ಕಾಣುತ್ತದೆ.

ಬಸ್ಸು ಹೊರಡಲು ತಡವಿತ್ತು. ಇಳಿದು ಯಂತ್ರದ ಹತ್ತಿರ ಹೋದೆ. ಚಾಲಕ ಇಪ್ಪತ್ತೈದರ ತರುಣ. ಇದೇನಪ್ಪಾ ಎಂದೆ.

"ಶೀಪ್ ಫುಟ್ ರೋಲರ್ ಅಂತಾರ್ರೀ ಅಜ್ಜಾರ. ಕುರಿ ಕಾಲು. ಸಪಾಟ ಗಾಲಿಲೆ ಹೊಡದ್ರ ಪದರ ಕೂಡಂಗಿಲ್ಲ, ಅದಕ್ಕ."

ಬಾಗಿ ಒಂದು ಕುಳಿಯಲ್ಲಿ ಬೆರಳಿಟ್ಟೆ. ಮಣ್ಣು ಹದವಾಗಿತ್ತು. ಯಾರಿಗೆ ಹೇಳಲಿ? ಆ ಗುಡಿಸಲುಗಳಲ್ಲಿದ್ದವರು ಯಾರೂ ಈಗ ನನಗೆ ಗೊತ್ತಿಲ್ಲ. ಮೇಸ್ತ್ರಿಯ ಒಂದು ಫೋಟೋ ಸಹ ಇಲ್ಲ. ಉಳಿದಿರುವುದು ನಾನು ಬರೆಯದೆ ಬಿಟ್ಟ ಕಾಗದ ಮಾತ್ರ. ಅವರು ಹೇಳಿದ ಹಾಗೆಯೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಬಹಳ ತಡವಾಗಿ:

ಮ್ಯಾಲಿನ ಅರ್ಧ ಒಡ್ಡು ನಿಲ್ಲಂಗಿಲ್ಲ. ಈ ವರ್ಷ ಅರ್ಧದ ಮ್ಯಾಲ ನೀರ ನಿಲ್ಲಿಸಬ್ಯಾಡ್ರಿ. ಕೆಳಗ ಮಂದಿ ಅದಾರ.