ಕೂರದ ಸಿದ್ದಮಲ್ಲಪ್ಪ

ಗೆಟ್ಟವಾಡಿಯ ಸಿದ್ದಮಲ್ಲಪ್ಪ ಟ್ರ್ಯಾಕ್ಟರನ್ನು ನಿಂತುಕೊಂಡೇ ಓಡಿಸುತ್ತಿದ್ದ, ಯಾರ ಜಗಲಿಯ ಮೇಲೂ ಕೂರುತ್ತಿರಲಿಲ್ಲ. ಊರವರು ಅದಕ್ಕೆ ಜಂಬ ಎಂದರು. ಅವನು ಸೊಂಟನೋವು ಎಂದ. ಊರಲ್ಲಿ ನಿಜ ಗೊತ್ತಿದ್ದವಳು ಹೆಂಡತಿ ಮಂಗಳಮ್ಮ ಒಬ್ಬಳೇ. ಗುದದ್ವಾರದ ಪಕ್ಕದಲ್ಲಿ ಕೀವುಗುಳ್ಳೆ. ಬಾತು, ಜ್ವರ ಬಂದು, ಒಡೆದು, ಮಾಯ್ದು, ಮತ್ತೆ ಅದೇ ಜಾಗದಲ್ಲಿ ಏಳುತ್ತಿತ್ತು.

ಚಾಮರಾಜನಗರದ ಡಾಕ್ಟರು ಬಿಡಿಸಿ ಹೇಳಿದ್ದರು. ಒಳಗಿನಿಂದ ಚರ್ಮದವರೆಗೆ ಸಣ್ಣ ಬಿಲ ಕೊರೆದಿದೆ, ಅದೇ ಫಿಸ್ಟುಲಾ. ಕೀವು ಹೋದರೂ ಬಿಲ ಉಳಿಯುತ್ತದೆ. ಬಾತಾಗ ಕೊಯ್ದು ಕೀವು ತೆಗೆಸಬೇಕು, ಬಾವು ಇಳಿದ ಮೇಲೆ ಸ್ಕ್ಯಾನ್ ಮಾಡಿಸಿ ಬಿಲಕ್ಕೆ ಆಪರೇಷನ್ ಆಗಬೇಕು. ಆದರೆ ಸಿದ್ದಮಲ್ಲಪ್ಪನಿಗೆ ನೋವು ನಿಂತರೆ ಕಾಯಿಲೆಯೂ ಮುಗಿದಂತೆ.

"ಒಡ್ದೋಯ್ತು ಕಣಮ್ಮಿ, ಇನ್ಯಾಕ ಆಸ್ಪತ್ರ?" ಎಂದು ಹೊಲಕ್ಕೆ ಹೊರಡುತ್ತಿದ್ದ.

ಆ ಮಾತು ಕೇಳಿ ಕೇಳಿ ಮಂಗಳಮ್ಮನ ತಲೆ ಕೆಟ್ಟಿತ್ತು. ಕೂರಲು ಬಿಸಿನೀರಿನ ಬೇಸಿನ್ ಇಡುವವಳು ಅವಳು, ಕೀವಿನ ಬಟ್ಟೆ ಒಗೆಯುವವಳು ಅವಳು, ಸೊಂಟನೋವಿನ ಸುಳ್ಳಿಗೆ ಸಾಕ್ಷಿ ಹೇಳುವವಳೂ ಅವಳೇ. ಈ ಗಂಡಸರ ನಾಚಿಕೆಗೆ ಏನನ್ನಬೇಕು ಹೇಳಿ! ಹೆಂಡತಿ ಕೈಲಿ ಎಲ್ಲ ಮಾಡಿಸಿಕೊಳ್ಳಬಹುದು, ಡಾಕ್ಟರ ಮುಂದೆ ಇನ್ನೊಂದು ಸಲ ಮಲಗಲಾಗದು.

ಮಗಳು ಶಿವರಂಜನಿಯ ವೀಳ್ಯಶಾಸ್ತ್ರದ ದಿನ ಗುಳ್ಳೆ ಮತ್ತೆ ಬಾತಿತ್ತು. ಎರಡೂ ಮನೆಯ ಯಜಮಾನರು ಕಂಬಳಿ ಮೇಲೆ ಎದುರುಬದುರು ಕೂತು ವೀಳ್ಯ ಬದಲಿಸಬೇಕು. ಕೂರದಿದ್ದರೆ ಸಂಬಂಧ ಒಲ್ಲೆ ಎಂದಂತೆ. ಸಿದ್ದಮಲ್ಲಪ್ಪ ಕಂಬ ಹಿಡಿದು ನಿಂತೇ ಇದ್ದ.

ಗಂಡಿನ ತಂದೆ ಚನ್ನಬಸವನ ಮುಖ ಕಪ್ಪಿಟ್ಟಿತು. "ಏನ್ ಬೀಗ್ರೇ, ನಮ್ ಜೊತ್ಗ ಕೂರಕೂ ಆಗದಿಲ್ವಾ?" ಎಂದು ವೀಳ್ಯದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಸೊಂಟ..." ಎಂದು ಸಿದ್ದಮಲ್ಲಪ್ಪ ತೊದಲಿದ. ಬಾಗಿಲಲ್ಲಿದ್ದ ಮಗಳ ಕಣ್ಣು ತುಂಬಿತು. ಮಂಗಳಮ್ಮನಿಗೆ ತಡೆಯಲಾಗಲಿಲ್ಲ.

"ಸೊಂಟನೂ ಇಲ್ಲ, ಮಣ್ಣೂ ಇಲ್ಲ! ಕೂರೋ ಜಾಗ್ದಲ್ಲಿ ಕೀವ್ ಕಟ್ಕಂಡದ. ಒಡೀತದ, ಮತ್ತ ಬತ್ತದ. ಆಪರೇಷನ್ ಮಾಡಿಸ್ಕಳಿ ಅಂದ್ರ ನಾಚ್ಕ ಇವ್ರ್ಗ!"

ಸಿದ್ದಮಲ್ಲಪ್ಪ ನೆಲ ನೋಡಿದ. ಆಮೇಲೆ ಚನ್ನಬಸವ ತಟ್ಟೆ ಎತ್ತಿಕೊಂಡು ತಾನೇ ಎದ್ದು ನಿಂತ.

"ನಿಂತ್ಕಂಡೇ ಈಸ್ಕಳಿ ಬೀಗ್ರೇ. ಆದ್ರ ಮದ್ವ ದಿನ ನೀವು ಕೂರ್ಲೇಬೇಕು."

ಮಾರನೆಯ ಬೆಳಿಗ್ಗೆ ಗುಳ್ಳೆ ಒಡೆಯಿತು. ಸಿದ್ದಮಲ್ಲಪ್ಪ ಜಗಲಿಯ ಮೇಲೆ ಹಾಯಾಗಿ ಕೂತು ಕಾಫಿ ಕೇಳಿದ. "ಒಡ್ದೋಯ್ತು ಕಣಮ್ಮಿ."

ಮಂಗಳಮ್ಮ ಕಾಫಿ ತರಲಿಲ್ಲ. ಬ್ಯಾಗು ತಂದು ಅವನ ಮಡಿಲಿಗೆ ಹಾಕಿದಳು.

"ಎದ್ದೇಳಿ. ಚಾಮರಾಜನಗರದ ಬಸ್ಸಲ್ಲಿ ಕೂತ್ಕಳಿ."