ಅಂಗೈಯಲ್ಲಿ ನಡುಗಿದ ಲಿಂಗ

ಮೊದಲು ನಡುಗಿದ್ದು ಎಡಗೈ. ಅದೂ ಪೂಜೆಯ ಹೊತ್ತಿನಲ್ಲಿ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದ ನನ್ನ ಗಂಡನ ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. ಆಗ ಅವರಿಗೆ ಮೂವತ್ತೆಂಟು. ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ.

"ಶಿವ ಕೈಯಾಗ ಬಂದು ಕುಂತಾನ. ಸುಮ್ಮನ ನಡುಗತೈತೇನು?" ಎಂದಳು ಅತ್ತೆ.

ನಾನೂ ನಂಬಿದೆ. ಆ ಕೈಯನ್ನು ದಿನಾ ಕಣ್ಣಿಗೊತ್ತಿಕೊಂಡೆ. ಓಣಿಯ ಹೆಂಗಸರೂ ಬಂದು ಕೈಮುಗಿದು ಹೋದರು. ಹೀಗೆ ಎರಡು ವರ್ಷ ಕಳೆದೆವು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು.

ನಡಿಗೆ ನಿಧಾನವಾಗಿ, ಅಂಗಿಯ ಗುಂಡಿ ಹಾಕಲೂ ಆಗದಾದಾಗ ದೂರದ ದೊಡ್ಡ ಆಸ್ಪತ್ರೆಗೆ ಹೋದೆವು.

ಪಾರ್ಕಿನ್ಸನ್.

"ಇಷ್ಟು ಸಣ್ಣ ವಯಸ್ಸಿಗೇ ಬಂದಿದೆ. ಮನೆತನದಲ್ಲಿ ಸಂಬಂಧದೊಳಗೇ ಮದುವೆ ಆಗಿದೆಯಾ?" ಎಂದು ಡಾಕ್ಟರ್ ಕೇಳಿದರು.

ನಗು ಬಂತು, ನುಂಗಿಕೊಂಡೆ. ನನ್ನ ಗಂಡ ನನಗೆ ಸೋದರಮಾವ. ಅತ್ತೆ ಎಂದರೆ ನನ್ನ ತಾಯಿಯ ತಾಯಿ. ಅವಳೂ ಸೋದರಮಾವನನ್ನೇ ಕಟ್ಟಿಕೊಂಡವಳು. ನನ್ನ ಮಗಳು ಶಿವಲೀಲಾ ತೊಟ್ಟಿಲಲ್ಲಿದ್ದಾಗಲೇ ಅವಳು ಮಸ್ಕಿಯ ನಮ್ಮಣ್ಣನ ಮಗನಿಗೆ ಎಂದು ಮಾತಾಗಿತ್ತು. ಹೊಲ, ಬಂಗಾರ ಹೊರಗೆ ಹೋಗಬಾರದೆಂದು ಕಾಯ್ದುಕೊಂಡು ಬಂದೆವು. ರೋಗವೂ ಹೊರಗೆ ಹೋಗಲಿಲ್ಲ.

ಜೀನ್‌ನಲ್ಲೇ ದೋಷ ಇರಬಹುದು, ಅದನ್ನು ಹುಡುಕುವ ಸಂಶೋಧನೆ ನಡೆದಿದೆ ಎಂದರು. ಎಲ್ಲರ ರಕ್ತ ತೆಗೆದರು. ಮಗಳದ್ದೂ. ರಿಪೋರ್ಟ್ ಬರುವವರೆಗೆ ಮದುವೆ ಬೇಡವೆಂದು ನಾನೇ ತಡೆದೆ. ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೆ.

"ಫಂಡ್ ನಿಂತಿದೆ ಅಮ್ಮ," ಎಂದಳು ಒಂದು ದಿನ ಲ್ಯಾಬಿನ ಹುಡುಗಿ. "ಸ್ಯಾಂಪಲ್ ಫ್ರಿಜ್‌ನಲ್ಲಿವೆ. ದುಡ್ಡು ಬಂದಮೇಲೆ ಪರೀಕ್ಷೆ."

ಗುಡಿಗೆ, ಮಠಕ್ಕೆ ಪಟ್ಟಿ ಹಾಕಿ ದುಡ್ಡು ಎತ್ತುವುದು ನಮಗೆ ಗೊತ್ತು. ಇದಕ್ಕೆ ಯಾರ ಬಾಗಿಲಿಗೆ ಹೋಗಿ ಎತ್ತಲಿ?

ಅಣ್ಣ ಬಂದ. "ಇನ್ನ ಎಷ್ಟ ದಿನ ಕಾಯೂದವ್ವಾ? ಹುಡುಗನ ವಯಸ್ಸು ನಿಂತಿರತೈತೇನು?"

ನಾನು ಚಹಾ ತಂದಿಟ್ಟೆ. ಗಂಡನೇ ತಡೆತಡೆದು ಹೇಳಿದರು. "ಬ್ಯಾಡಪಾ. ನನ್ನ ಮೊಮ್ಮಕ್ಕಳ ಕೈ ನಡುಗೂದು ಬ್ಯಾಡ. ಹೊರಗಿನ ಹೆಣ್ಣು ನೋಡು."

ಅಣ್ಣ ಚಹಾ ಮುಟ್ಟದೆ ಎದ್ದು ಹೋದ. ಲಿಂಗಸುಗೂರಿನಲ್ಲಿ ಅವನ ಮಗನ ಮದುವೆಯಾಯಿತು. ನಮಗೆ ಕಾರ್ಡೂ ಬರಲಿಲ್ಲ. ಚಿಕ್ಕಂದಿನಿಂದ ಆ ಹುಡುಗನನ್ನೇ ಗಂಡನೆಂದು ತಿಳಿದಿದ್ದ ಶಿವಲೀಲಾ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ನಿಂತು ನಾನೂ ಕಣ್ಣೀರು ಹಾಕಿದೆ. ರಿಪೋರ್ಟ್ ಇನ್ನೂ ಬಂದಿಲ್ಲ.

ಈಗ ಗುಳಿಗೆ ನುಂಗಿ, ಅದು ಹಿಡಿಯುವ ಹೊತ್ತು ನೋಡಿಕೊಂಡು ಅವರು ಪೂಜೆಗೆ ಕೂರುತ್ತಾರೆ. ಆದರೂ ಕೈ ಸ್ವಲ್ಪ ಅದುರುತ್ತದೆ. ಲಿಂಗ ಬೀಳದಂತೆ ಮಗಳು ಅವರ ಅಂಗೈಯ ಕೆಳಗೆ ತನ್ನ ಅಂಗೈ ಹಿಡಿಯುತ್ತಾಳೆ.

ಲಿಂಗ ನೋಡಬೇಕಾದ ಹೊತ್ತಿನಲ್ಲಿ ನಾನು ಅವಳ ಬೆರಳು ನೋಡುತ್ತೇನೆ.

ಇವತ್ತೂ ನಡುಗಲಿಲ್ಲ. ಶಿವನೇ, ಇವತ್ತಿಗೆ ಇಷ್ಟು ಸಾಕು.